ಗೌರಿಹಬ್ಬದ ಪಾಲಿಶ್

ಹೆಮ್ಮರಗಾಲದಿಂದ ನಂಜನಗೂಡಿಗೆ ಬಂದು, ಮನೆಯ ದುಡ್ಡಿನ ಜಗಳವನ್ನು ಯಾರೋ ಮೇಡಂ ಮುಂದೆ ಹರಡಿಕೊಂಡು ಕೂರುವುದೆಂದರೆ ನಂಜೇಶನಿಗೆ ಮಾನ ಮೂರು ಕಾಸಿಗೆ ಹೋದಂತಾಗಿತ್ತು. ಬರದಿದ್ದರೆ ನಯನ ಮಗುವನ್ನು ಎತ್ತಿಕೊಂಡು ನರಸೀಪುರದ ತವರಿಗೆ ಹೊರಟುಬಿಡುತ್ತಿದ್ದಳು. ಅದಕ್ಕೇ ಹೆಂಡತಿಯ ಹಿಂದೆ ಬಾಯಿ ಮುಚ್ಚಿಕೊಂಡು ಬಂದಿದ್ದ.

ಗಂಡ ಹೆಂಡಿರಿಗೆ ಕೌನ್ಸೆಲಿಂಗ್ ಮಾಡುವ ವನಿತಾ ಮೇಡಂ ಅವರದು ಒಂದೇ ನಿಯಮ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಾಗೇ ತಿರುಗಿ ಹೇಳಬೇಕು, ಉತ್ತರ ಏನಿದ್ದರೂ ಆಮೇಲೆ. ಇದೇನು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಂತೆ ಎಂದು ನಂಜೇಶ ಮೂಗು ಮುರಿದ.

“ಎರಡು ವರ್ಷದಿಂದ ಸಂಬಳ ಕಣ್ಣಿಗೂ ತೋರಿಸ್ತಿಲ್ಲ. ಯಾಕೆ?” ಎಂದಳು ನಯನ.

ಅವನು ಹಾಗೇ ತಿರುಗಿ ಹೇಳಿದ. ಹೇಳುತ್ತಲೇ ಹೊಟ್ಟೆಯೊಳಗಿದ್ದದ್ದು ಬಾಯಿಗೆ ಬಂದುಬಿಟ್ಟಿತು.

“ಹೆರಿಗೆ ಟೈಮಲ್ಲಿ ನರ್ಸು ನಿನ್ ತಾಳಿ ಬಿಚ್ಚಿಸಿ ನನ್ ಕೈಗೆ ಕೊಟ್ಲಲ್ಲ, ಆಸ್ಪತ್ರೆ ಬಿಲ್ಲಿಗೆ ಅಂತ ಗಿರವಿ ಅಂಗಡಿಗೆ ತಕ್ಕೊಂಡೋಗಿದ್ದೆ. ಕಲ್ಲಿಗೆ ಉಜ್ಜಿ ನೋಡಿ, ರೋಲ್ಡ್ ಗೋಲ್ಡ್ ಕಣಪ್ಪ ಅಂತ ವಾಪಸ್ ತಳ್ಳಿಬಿಟ್ಟ. ಚಿನ್ನದ್ದನ್ನ ಮಾರಿ ತವರಿಗೆ ಕೊಟ್ಟಿದ್ದೀಯ. ಇನ್ನು ನಿನ್ ಕೈಗೆ ದುಡ್ಡು ಹೆಂಗ್ ಕೊಡ್ಲಿ?”

ನಯನಳ ಕೈ ತಾನಾಗಿ ಕೊರಳಿಗೆ ಹೋಯಿತು. ಆದರೂ ನಿಯಮ ಬಿಡದೆ ಒಂದೊಂದು ಮಾತನ್ನೂ ತಿರುಗಿ ಹೇಳಿದಳು.

“ಹೆರಿಗೆ ಬಿಟ್ರೆ ಇದು ನನ್ ಕೊರಳಿಂದ ಇಳಿಯೋದು ಗೌರಿಹಬ್ಬಕ್ಕೆ ಮುಂಚೆ ಮಾತ್ರ. ಮದ್ವೆ ಆದಾಗಿಂದ್ಲೂ ಅಷ್ಟೇ. ನಾನು ಅರಿಶಿನದ ಕೊಂಬು ಕಟ್ಕೊಂಡಿರ್ತೀನಿ, ಅತ್ತೆ ತಾಳಿ ಪಾಲಿಶ್ ಮಾಡಿಸ್ಕೊಂಡು ಬತ್ತಾರೆ. ಹೇಳಿ.”

“ಗೌರಿಹಬ್ಬಕ್ಕೆ ಮುಂಚೆ... ಅವ್ವ ಪಾಲಿಶ್...”

ನಂಜೇಶನ ನಾಲಿಗೆ ಅಲ್ಲೇ ನಿಂತಿತು. ಮದುವೆಗೆ ತಾಳಿ ಮಾಡಿಸಿ ತಂದವಳೂ ಅವ್ವನೇ.

ಅವ್ವನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ. ತಾಳಿಯ ವಿಷಯ ಕೇಳಿದ್ದೇ ತಡ, ಪುಟ್ಟಬಸಮ್ಮನಿಗೆ ಅಳು ಬಂದುಬಿಟ್ಟಿತು.

“ಆಗ ಚಿನ್ನಕ್ಕೆಲ್ಲಿತ್ತಪ್ಪ ದುಡ್ಡು? ಬೀಗರ ಮುಂದೆ ಮಾನ ಓಯ್ತಿತ್ತು. ಆಮೇಲೆ ಮಾಡ್ಸಿ ಆಕವ ಅನ್ಕಂಡೆ, ಆಗ್ನೇ ಇಲ್ಲ. ಬಣ್ಣ ಓಗ್ದಂಗೆ ವರ್ಸ ವರ್ಸವೂ ಪಾಲಿಶ್ ಆಕುಸ್ಕೊಂಡು ಬತ್ತಿದ್ದೆ ಕಣ್ಮಗ.”

ನಯನ ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಗಂಡನ ಕಡೆಗೇ ತಿರುಗಿದಳು.

“ಎರಡು ವರ್ಷ ನನ್ನ ಕಳ್ಳಿ ಅಂದ್ಕೊಂಡೇ ನನ್ ಕೈಲಿ ಬಡಿಸ್ಕೊಂಡು ಉಂಡ್ರಿ. ಒಂದ್ ಮಾತು ಕೇಳ್ಲಿಲ್ಲ. ಹೂಂ, ಹೇಳಿ.”

ನಂಜೇಶ ಮೇಡಂ ಮುಖ ನೋಡಿದ. ಅವರು ನಿಯಮ ಸಡಿಲಿಸಲಿಲ್ಲ.

“ಎರಡು ವರ್ಷ ನಿನ್ನ ಕಳ್ಳಿ ಅಂದ್ಕೊಂಡೇ...” ಎಂದು ಶುರು ಮಾಡಿ, ಬಿಕ್ಕುತ್ತ ಬಿಕ್ಕುತ್ತ ಪೂರ್ತಿ ಹೇಳಿ ಮುಗಿಸಿದ.

“ಇನ್ನೊಂದ್ಸಲ ಹೇಳಿ,” ಎಂದಳು ನಯನ.