ಮುಳುಗಿದ ಜಾಲಿ

ಹನುಮಂತನಿಗೆ ಒಲಿದಷ್ಟು ಮೀನು ಆ ಕೆರೆಯಲ್ಲಿ ಇನ್ನಾರಿಗೂ ಒಲಿದಿರಲಿಲ್ಲ. ಸತತ ಮೂರು ದಿನ, ಮೊದಲ ಶಿಫ್ಟಿನ ಸೈರನ್ ಕೂಗುವ ಮುಂಚೆ, ಮೊಳದುದ್ದದ ಪಂಡುಗಪ್ಪ ಎರಡೆರಡು. ತೆಲುಗು ಸೀಮೆಯ ಜೀಡಿಮೆಟ್ಲಾದಾಚೆಯ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಟರ್ನರ್ ಹನುಮಂತನಿಗೆ ಒಮ್ಮೆಲೇ ಹೆಸರು ಬಂತು. ಇಪ್ಪತ್ತು ವರ್ಷ ಲೇತ್ ಮಷಿನ್ನಿನ ಮುಂದೆ ನಿಂತಾಗ ಬಾರದ ಹೆಸರು.

ಪಂಡುಗಪ್ಪ ಮೂಲತಃ ಸಮುದ್ರದ ಮೀನು. ಕೆರೆ ಹಿಡಿದ ಕಂಟ್ರಾಕ್ಟರು ಕರಾವಳಿಯ ಕೊಲ್ಲೇರು ಕಡೆಯಿಂದ ಕಟ್ಲಾ ಮೀನಿನ ಮರಿ ತರಿಸಿದಾಗ ಅದರ ನಡುವೆ ಇವೂ ಬಂದುಬಿಟ್ಟಿದ್ದವು. ಬಂದವು ಸುಮ್ಮನಿರಲಿಲ್ಲ, ಕಟ್ಲಾ ಮರಿಗಳನ್ನೇ ತಿಂದು ದಪ್ಪಗಾದವು. ಕಂಟ್ರಾಕ್ಟರು ತಲೆ ಚಚ್ಚಿಕೊಂಡು, ಬೇಕಾದವರು ಗಾಳ ಹಾಕಿ ಒಯ್ಯಿರಿ ಎಂದುಬಿಟ್ಟಿದ್ದ.

ಅದರ ಬೇಟೆ ನೋಡುವಂಥದ್ದು. ಸಣ್ಣ ಮೀನು ಗುಂಪುಗೂಡಿದ ಕಡೆ ಇದು ಕೆಳಗಿನಿಂದ ಬಂದು ಬಾಯಿ ತೆರೆಯುತ್ತದೆ. ತುಂಬಿದ ಕೊಡಕ್ಕೆ ಅಂಗೈ ಬಡಿದ ಹಾಗೆ ಟಬ್ ಎನ್ನುವ ಸದ್ದು. ಮರಿಗಳು ಜೀವ ಉಳಿಸಿಕೊಳ್ಳಲು ನೀರಿನ ಮೇಲೆ ಚಿಮ್ಮುತ್ತವೆ. ಆ ಗದ್ದಲದಲ್ಲಿ ಗಾಳಕ್ಕೆ ಸಿಕ್ಕಿಸಿದ ಒಂದು ಜೀವಂತ ಮರಿಯನ್ನು ನಡುವೆ ಬಿಟ್ಟರಾಯಿತು. ಹನುಮಂತ ಬಿಡುತ್ತಿದ್ದದ್ದು ಏರಿಯಿಂದ ನಾಲ್ಕು ಮಾರು ದೂರದಲ್ಲಿ ಮುಳುಗಿದ್ದ ಜಾಲಿ ಮರದ ಬಳಿ. ಎರಡು ಮನೆ ಆಚೆಯ ಶೋಭಾ, ಒಂಬತ್ತನೇ ಕ್ಲಾಸಿನ ಹುಡುಗಿ, ಕೆರೆಗೆ ಮುಖವಾದ ಹಿತ್ತಲ ಗೋಡೆಯ ಮೇಲೆ ಕೂತು ದಿನಾ ನೋಡುತ್ತಿದ್ದಳು. ಮೀನು ಮೇಲೆ ಬಂದಾಗ ಕೈ ಬೀಸುತ್ತಿದ್ದಳು.

ಹಿಡಿದ ಎರಡರಲ್ಲಿ ದೊಡ್ಡದು ಶೋಭಾಳ ಮನೆಗೇ ಹೋಗುತ್ತಿತ್ತು. ಅವಳ ಅಪ್ಪ, ಸ್ಟೋರಿನ ದತ್ತಾತ್ರೇಯ, ಕಾಣೆಯಾಗಿ ಹನ್ನೊಂದು ದಿನವಾಗಿತ್ತು. ಒಂದು ಮಳೆಯ ದಿನ ಎರಡನೇ ಶಿಫ್ಟು ಮುಗಿಸಿ ಸೈಕಲ್ ಹತ್ತಿದವನು ಮನೆಗೆ ಬರಲಿಲ್ಲ. ಸೈಕಲ್ಲೂ ಸಿಗಲಿಲ್ಲ. ಕಾಲೊನಿಯ ಬಾಯಿಗಳಿಗೆ ಅಷ್ಟು ಸಾಕು. ಸೈಕಲ್ ಸಮೇತ ಹೋದವನು ಓಡಿಯೇ ಹೋಗಿದ್ದಾನೆ, ಬೀದರ ಕಡೆ ಇನ್ನೊಂದು ಸಂಸಾರ ಇದ್ದೀತು ಎಂದು ಅವು ತೀರ್ಪು ಕೊಟ್ಟವು. ಪೊಲೀಸರೂ ನಕ್ಕು ಕಾಗದ ಬರೆದುಕೊಂಡರು. ಹೆಂಡತಿ ಅಂಬುಬಾಯಿ ನಲ್ಲಿಗೆ ನೀರು ತರಲು ಹೋಗುವುದನ್ನೂ ಬಿಟ್ಟಳು.

ಹನುಮಂತನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಹಾಗಾಗಿ ಮೀನು ಕೊಟ್ಟ. "ಹುಡುಗೂರು ಹೊಟ್ಟಿ ತುಂಬ ಉಂಡ್ವು ಅಣ್ಣಾ, ಭಾಳ ದಿನದ ಮ್ಯಾಲೆ," ಎಂದು ಅಂಬುಬಾಯಿ ಹೇಳಿದಾಗ ಅವನ ಎದೆ ಉಬ್ಬಿತ್ತು. ದಿನಾ ಒಂದು ತುಂಡನ್ನು ಅವಳು ಗಂಡನಿಗೆಂದು ಮುಚ್ಚಿಡುತ್ತಿದ್ದಳು. ಸಂಜೆ ಅದನ್ನೂ ಚಿಕ್ಕ ಮಗಳು ಉಷಾಳಿಗೆ ಹಾಕುತ್ತಿದ್ದಳು.

ಮೂರನೆಯ ದಿನ ಉಣ್ಣುವಾಗ ಹನುಮಂತನ ಹೆಂಡತಿ ಸೂಗಮ್ಮ ಕೇಳಿದಳು: "ಆ ಜಾಲಿ ಹ್ವಾದ ವರ್ಷಾನೂ ಅಲ್ಲೇ ಇತ್ತಲ್ರಿ. ಆವಾಗ ಒಂದು ಮೀನೂ ಸಿಗಲಿಲ್ಲ. ಈಗ್ಯಾಕ ಕೂಡ್ಯಾವು?"

"ಮೀನಿಗಿ ಹೋಗಿ ಕೇಳ್ಲೇನು?" ಎಂದು ಹನುಮಂತ ನಕ್ಕ. ಸೂಗಮ್ಮ ನಗಲಿಲ್ಲ. ಅವಳೂ ಅವನಂತೆಯೇ ರಾಯಚೂರು ಕಡೆಯ ಅಂಬಿಗರ ಮಗಳು.

ಮರುದಿನ ಬೆಳಗ್ಗೆ ಗಾಳಕ್ಕೆ ಮರಿ ಸಿಕ್ಕಿಸುವಾಗ ಆ ಪ್ರಶ್ನೆ ಅವನ ಕೈ ತಡೆಯಿತು. ಕೃಷ್ಣಾ ದಂಡೆಯಲ್ಲಿ ಅವನ ಅಪ್ಪ ಕಾರಣವಿಲ್ಲದೆ ಸಣ್ಣ ಮೀನು ಕೂಡಿದ ಕಡೆ ಎಂದೂ ಬಲೆ ಬೀಸಿದವನಲ್ಲ. ಮೊದಲು ದೋಣಿಯ ಗಳ ಇಳಿಸಿ ತಳ ಮುಟ್ಟಿ ನೋಡುತ್ತಿದ್ದ. ನದಿ ಮನುಷ್ಯರನ್ನೂ ಒಯ್ಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹನುಮಂತನಿಗೂ ಗೊತ್ತಿತ್ತು. ಊರು ಬಿಟ್ಟು ರೀಲಿನ ಗಾಳ ಹಿಡಿದ ಮೇಲೆ ಮರೆತಿದ್ದ, ಅಷ್ಟೇ.

ಕಂಟ್ರಾಕ್ಟರನ ತೆಪ್ಪ ದಡದಲ್ಲಿತ್ತು. ಒಂದು ಬಿದಿರು ತೆಗೆದುಕೊಂಡು ಜಾಲಿಯ ತನಕ ಹೋದ. ಸುತ್ತ ಪಂಡುಗಪ್ಪಗಳು ಟಬ್, ಟಬ್ ಎಂದು ಬೇಟೆಯಾಡುತ್ತಲೇ ಇದ್ದವು. ಬಿದಿರು ಇಳಿಸಿದ. ಕಬ್ಬಿಣದ ಸದ್ದು ಕೈಗೆ ಬಂತು. ಮೀಟಿದಾಗ ಸೈಕಲ್ಲಿನ ಹಿಂದಿನ ಭಾಗ ಕೆಸರಿನಿಂದ ಎದ್ದಿತು. ಕ್ಯಾರಿಯರಿನಲ್ಲಿ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದ ಊಟದ ಡಬ್ಬಿ ಹಾಗೇ ಇತ್ತು. ಎರಡನೇ ಸಲ ಬಿದಿರು ಮುಟ್ಟಿದ್ದು ಕಬ್ಬಿಣವಾಗಿರಲಿಲ್ಲ. ಹನುಮಂತ ಬಿದಿರನ್ನು ನೀರಿಗೇ ಬಿಟ್ಟುಬಿಟ್ಟ.

ತಲೆಯೆತ್ತಿ ನೋಡಿದರೆ ಏರಿಯ ಅಂಚು ಅಲ್ಲೇ ಕುಸಿದಿತ್ತು. ಮೂರು ದಿನ ಅದರ ಪಕ್ಕದಲ್ಲೇ ನಿಂತು ಗಾಳ ಬೀಸಿದ್ದ. ದತ್ತಾತ್ರೇಯ ಎಲ್ಲಿಗೂ ಓಡಿರಲಿಲ್ಲ. ಮಳೆಯಲ್ಲಿ ಬೇಗ ಮನೆ ಸೇರಲು ಏರಿಯ ಅಡ್ಡದಾರಿ ಹಿಡಿದಿದ್ದ. ಸಣ್ಣ ಮೀನು ಕೂಡಿದ್ದು ಅವನ ಸುತ್ತ, ಪಂಡುಗಪ್ಪ ಕೂಡಿದ್ದು ಅವುಗಳ ಸುತ್ತ.

ಹನುಮಂತ ತೆಪ್ಪದ ಮೇಲೆ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡ. ತಾನೂ ಉಂಡಿದ್ದ. ಆದರೆ ಅದು ದೊಡ್ಡ ಮಾತಲ್ಲ. ಆ ಹುಡುಗಿಯರ ತಟ್ಟೆ ಅವನ ಕಣ್ಣ ಮುಂದೆ ಬಂತು. ಹೇಳದೆ ಹೋದರೆ ಅಂಬುಬಾಯಿ ಸಾಯುವ ತನಕ ಗಂಡ ಬಿಟ್ಟವಳು. ಹೇಳಿದರೆ, ತನ್ನ ಮಕ್ಕಳಿಗೆ ಏನು ಬಡಿಸಿದೆ ಎಂಬುದು ಅವಳಿಗೆ ತಿಳಿಯುತ್ತದೆ. ಇಂಥ ಲೆಕ್ಕ ಯಾವ ಮನುಷ್ಯನ ಪಾಲಿಗೂ ಬರಬಾರದು. ಅವನು ಅಲ್ಲೇ ಅತ್ತ. ಅತ್ತು, ಠಾಣೆಗೆ ಹೋದ.

ಮಧ್ಯಾಹ್ನದೊಳಗೆ ಜಾಲಿ ಕೊಂಬೆಗಳನ್ನು ಕಡಿದು ತೆಗೆದರು. ಬೀದರಿನ ಸಂಸಾರದ ಕಥೆ ಕಟ್ಟಿದ್ದ ಬಾಯಿಗಳೇ ಸಂಜೆ ಚಹಾದ ಥರ್ಮಾಸ್ ಹಿಡಿದು ಬಂದು, ಎಂಥ ದೇವರಂಥ ಮನುಷ್ಯ ಎಂದವು. ಅಂಬುಬಾಯಿ ಚಹಾ ಮುಟ್ಟಲಿಲ್ಲ. ಗಂಡನ ಊಟದ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ಮಣ್ಣಾದ ಮರುದಿನ ಸೂಗಮ್ಮ ಅನ್ನ, ಸಾರು ಕಟ್ಟಿಕೊಟ್ಟಳು. ಹನುಮಂತ ಒಯ್ದು ಬಾಗಿಲಲ್ಲೇ ನಿಂತ.

"ಅಣ್ಣಾ," ಅಂಬುಬಾಯಿ ಮೆಲ್ಲಗೆ ಕೇಳಿದಳು, "ಆ ಮೀನು ನೀವು ಎಲ್ಲಿ ಹಿಡದಿದ್ರಿ?"

ರಾತ್ರಿಯೆಲ್ಲ ಈ ಪ್ರಶ್ನೆಗೇ ಹೆದರಿದ್ದ. "ಮಂಜೀರಾದಾಗ, ತಂಗಿ," ಎಂದ.

ಮಂಜೀರಾ ನದಿ ಎಷ್ಟು ದೂರ, ಶಿಫ್ಟಿಗೆ ಮುಂಚೆ ಹೋಗಿ ಬರಲಿಕ್ಕೆ ಆಗುತ್ತದೋ ಇಲ್ಲವೋ, ಕಾಲೊನಿಯಲ್ಲಿ ಯಾರಿಗೆ ಗೊತ್ತಿಲ್ಲ? ಅಂಬುಬಾಯಿ ಅವನ ಮುಖವನ್ನೇ ನೋಡಿದಳು.

"ಹೌದೇನು. ಹಂಗಾದ್ರ ಒಳಗ ಬಂದು ಶೋಭಾಗೂ ಹೇಳ್ರಿ. ನಿನ್ನಿಯಿಂದ ಆಕಿ ಒಂದು ತುತ್ತೂ ಮುಟ್ಟಿಲ್ಲ. ಆಕಿನ್ನ ನೋಡಿ ಉಷಾನೂ ಬಿಟ್ಟಾಳ."

ಇಬ್ಬರೂ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದರು. ಹನುಮಂತ ಎದುರಿಗೆ ಕೂತು, ನೆಲ ನೋಡುತ್ತ, ಅದನ್ನೇ ಇನ್ನೊಮ್ಮೆ ಹೇಳಿದ. ಮೂರು ದಿನ ಗೋಡೆಯ ಮೇಲಿಂದ ಕೈ ಬೀಸಿದ ಹುಡುಗಿ ಅವನ ಕಡೆ ತಿರುಗಲಿಲ್ಲ. ಆಮೇಲೆ ಬುತ್ತಿ ಬಿಚ್ಚಿ, ತಂಗಿಯ ತಟ್ಟೆಗೆ ಅನ್ನ ಹಾಕಿ ಕಲಸಿದಳು.

"ಕೇಳಿದಿಲ್ಲ ಉಷಾ? ಕಾಕಾ ಹೇಳಾಕತ್ತಾರ. ಮಂಜೀರಾದಾಗ ಹಿಡದದ್ದಂತ. ಉಣ್ಣು."

ಉಷಾ ಉಂಡಳು. ಶೋಭಾ ತಂಗಿಗೆ ತುತ್ತು ಕೊಡುತ್ತಲೇ ಇದ್ದಳು. ತನ್ನ ತಟ್ಟೆಯನ್ನು ಗೋಡೆಯ ಕಡೆ ಸರಿಸಿದ್ದಳು.