ತೆಳ್ಳನೆಯ ತಂತಿ

ಬೆಳಿಗ್ಗೆ ಹೊಲಿಯಲು ಕೂರುವ ಮುಂಚೆ ಟೈಲರಮ್ಮ ಎರಡು ಕೆಲಸ ತಪ್ಪಿಸುತ್ತಿರಲಿಲ್ಲ. ಮಿಷನ್ನಿಗೆ ಎರಡು ಹನಿ ಎಣ್ಣೆ ಬಿಡುವುದು ಒಂದು. ಸ್ಟೂಲು ಹತ್ತಿ ಬಾಗಿಲ ಮೇಲಿನ ಮರದ ಕರೆಂಟ್ ಬೋರ್ಡನ್ನು ಒಣಬಟ್ಟೆಯಿಂದ ಒರೆಸುವುದು ಇನ್ನೊಂದು. ಸಾಲಾಗಿ ಕೂತ ಆರು ಪಿಂಗಾಣಿ ಫ್ಯೂಸುಗಳ ಧೂಳು ತೆಗೆಯುವಾಗ, ಕೆಳಗಿನ ಪೆನ್ಸಿಲ್ ಅಕ್ಷರಗಳಿಗೆ ಮಾತ್ರ ಬಟ್ಟೆ ತಾಗದ ಹಾಗೆ ನೋಡಿಕೊಳ್ಳುತ್ತಿದ್ದರು. ‘ಅಡುಗೆಮನೆ’, ‘ಪಂಪು’, ‘ಮಗಳ ಕೋಣೆ’ ಹೀಗೆ ಒಂದೊಂದರ ಕೆಳಗೂ ಬರಹ. ಕೊನೆಯದರ ಕೆಳಗೆ ‘ಇವಳ ಮಿಷನ್ನು’. ಊರಿಗೆಲ್ಲ ವೈರಿಂಗ್ ಮಾಡಿ ಮೂರು ವರ್ಷದ ಹಿಂದೆ ತೀರಿಕೊಂಡ ಗಂಡ, ಹೆಂಡತಿಯ ಬಗ್ಗೆ ಬರೆದಿಟ್ಟುಹೋದದ್ದು ಅಂತ ಇದ್ದರೆ ಅವೆರಡೇ ಪದ. ‘ಇವಳ’ ಅನ್ನುವಲ್ಲಿ ಪೆನ್ಸಿಲು ಕೊಂಚ ಹೆಚ್ಚೇ ಒತ್ತಿದೆ ಎಂದು ಟೈಲರಮ್ಮನಿಗೆ ದಿನಾ ಅನಿಸುತ್ತಿತ್ತು.

“ಅಮ್ಮಾ, ಇಳಿ ಮೊದ್ಲು. ನಿನ್ನೆ ಆ ಬೋರ್ಡು ಇಸ್ತ್ರಿಪೆಟ್ಟಿಗೆ ಥರ ಕಾದಿತ್ತು. ಸುಟ್ಟ ವಾಸನೆ ನಿಂಗೂ ಬಂತು ತಾನೇ?” ಎಂದಳು ಮಗಳು.

“ನಿಮ್ಮಪ್ಪ ಕೂರಿಸಿದ್ದು ಕಣೇ ಅದು.”

“ಅಪ್ಪ ಕೂರಿಸಿದಾಗ ಮನೇಲಿದ್ದದ್ದು ನಾಲ್ಕು ಬಲ್ಬು, ಒಂದು ಫ್ಯಾನು, ಪಂಪು, ನಿನ್ನ ಮಿಷನ್ನು, ಅಷ್ಟೇ. ಈಗ ಫ್ರಿಜ್ಜು, ಗೀಸರು, ವಾಷಿಂಗ್ ಮಿಷನ್ನು ಎಲ್ಲಾ ಇದೆ.”

“ನಿನ್ನ ಗೀಸರು ಬಂತು ಅಂತ ನನ್ನ ಗಂಡ ಮನೆ ಬಿಡಬೇಕಾ?”

ಮಗಳು ನಕ್ಕಳು, ಆದರೆ ಹಟ ಬಿಡಲಿಲ್ಲ. ಆ ಹೊತ್ತಿಗೆ ಹೊಲಿಸಲು ಕೊಟ್ಟ ಏಪ್ರನ್ ಕೇಳಿಕೊಂಡು ಎದುರುಮನೆಯ ಬೇಕರಿಯವನು ಬಂದ. ಬೋರ್ಡು ಬದಲಾಯಿಸುವ ವಿಷಯ ತಿಳಿದು ಅವನಿಗೂ ಬೇಜಾರಾಯಿತು. “ಬದಲಾಯಿಸ್ತೀರಾ? ಯಜಮಾನ್ರ ಕೈಗುಣ ಅಂದ್ರೆ ಏನಮ್ಮಾ! ನಮ್ಮ ಓವನ್ ಫ್ಯೂಸು ದಿನಾ ಹಾರ್ತಿತ್ತು. ಅವರೊಂದ್ಸಲ ಕೈಯಿಟ್ಟರು ನೋಡಿ, ಹತ್ತು ವರ್ಷ ಅದು ತುಟಿಪಿಟಕ್ಕೆಂದಿಲ್ಲ. ಬೀದೀಲಿ ಯಾರನ್ನಾದ್ರೂ ಕೇಳಿ.”

“ಕೇಳಿಸ್ಕೊಂಡ್ಯಾ?” ಎಂಬಂತೆ ಟೈಲರಮ್ಮ ಮಗಳ ಕಡೆ ನೋಡಿದರು. ಎದೆ ಉಬ್ಬಿತ್ತು. ಅದರ ಹಿಂದೆಯೇ, ಈ ಮಾತು ಕೇಳಲು ಅವರಿಲ್ಲವಲ್ಲ ಎಂಬ ಸಂಕಟವೂ ಬಂತು.

ಮಧ್ಯಾಹ್ನ ಮಗಳು ಕರೆಸಿದ್ದ ಟೆಸ್ಟರ್ ಬಂದ. ಹದಿನಾಲ್ಕು ವರ್ಷ ಯಜಮಾನರ ಜೊತೆ ದುಡಿದವನು. ತನ್ನ ಮದುವೆಯ ದಿನವೂ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು ಬಂದಿದ್ದಕ್ಕೆ ಅಂಟಿದ ಹೆಸರು ಅದು. ಹೊಸ ಬಿಳಿ ಪೆಟ್ಟಿಗೆಯನ್ನು ಕೆಳಗಿಟ್ಟು, ಮೇನ್ ಆಫ್ ಮಾಡಿ, ಮೊದಲ ಫ್ಯೂಸು ಎಳೆದ. ಅದರ ತಂತಿ ಬಿಚ್ಚಿ ಸರಕ್ಕನೆ ಜೇಬಿಗಿಳಿಸಿದ. ಎರಡನೆಯದರದೂ ಹಾಗೇ.

“ಏನದು ಬಚ್ಚಿಡ್ತಿದೀಯ? ತಾ ಇಲ್ಲಿ.”

“ಹಳೇ ತಂತಿ, ಬಿಡಿ ಅಮ್ಮಾ.”

“ತಾ ಅಂದೆ.”

ನಲವತ್ತು ವರ್ಷ ದಾರದ ಜೊತೆ ಬಾಳಿದ ಬೆರಳು. ತಂತಿಯನ್ನು ಹೊಸೆದು ನೋಡಿದ ಕೂಡಲೇ, “ಇಷ್ಟು ದಪ್ಪ ಇರುತ್ತಾ ಫ್ಯೂಸು?” ಎಂದರು.

ಟೆಸ್ಟರ್ ತಲೆ ತಗ್ಗಿಸಿದ. “ಇರಬಾರದು. ನೀವು ಕಚ್ಚಾ ಹೊಲಿಗೆ ಹಾಕ್ತೀರಲ್ಲ, ಎಳೆದರೆ ಕಿತ್ತು ಬರೋ ಹಾಗೆ? ಇದೂ ಅಷ್ಟೇ. ಲೋಡು ಜಾಸ್ತಿ ಆದ್ರೆ ತಾನು ಕರಗಿ ಮನೆ ಉಳಿಸಬೇಕು. ದಪ್ಪ ತಂತಿ ಕರಗಲ್ಲ. ಅದರ ಬದಲು ಗೋಡೆಯೊಳಗಿನ ವೈರು ಕಾದು ಸುಡುತ್ತೆ.” ಬೋರ್ಡು ಕಳಚಿ ಹಿಂಬದಿ ತೋರಿಸಿದ. ಅಂಗೈಯಗಲ ಮರ ಇದ್ದಿಲಾಗಿತ್ತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

“ನಿನ್ನ ಗುರುಗಳಿಗೆ ಇದು ಗೊತ್ತಿರಲಿಲ್ವಾ?” ಎಂದರು ಟೈಲರಮ್ಮ.

“ಗೊತ್ತಿತ್ತಮ್ಮಾ. ಸರಿಯಾದ ತಂತಿ ಹಾಕಿದ್ರೆ ಜನ ಬೈಯೋರು. ‘ವಾರಕ್ಕೊಂದ್ಸಲ ಹೋಗುತ್ತೆ, ಇವನಿಗೆ ಕೆಲಸ ಬರಲ್ಲ’ ಅನ್ನೋರು. ಬೈಸ್ಕೊಂಡು ಬೈಸ್ಕೊಂಡು ಸಾಕಾಗಿ ಒಂದ್ಸಲ ದಪ್ಪಂದು ಹಾಕಿದ್ರು. ಜನ ಹೊಗಳಿದ್ರು. ಆಮೇಲೆ ಅದೇ ರೂಢಿ ಆಯ್ತು.”

“ನಾನೂ ಪರೀಕ್ಷೆ ಟೈಮಲ್ಲಿ ಲೈಟ್ ಹೋಯ್ತು ಅಂತ ಕೂಗಾಡಿದ್ದೆ,” ಎಂದಳು ಮಗಳು ಸಣ್ಣ ದನಿಯಲ್ಲಿ.

ಕೊನೆಯ ಫ್ಯೂಸು ‘ಇವಳ ಮಿಷನ್ನು’. ಟೆಸ್ಟರ್ ಅದನ್ನೂ ಎಳೆದ. ಬೆಳಕಿಗೆ ಹಿಡಿದು ನೋಡಿ ಟೈಲರಮ್ಮನ ಕೈಗಿಟ್ಟ. ಪಿಂಗಾಣಿಯ ನಡುವೆ ಕೂದಲೆಳೆಯಂಥ ತಂತಿ. ಸರಿಯಾದ ತಂತಿ.

ಟೈಲರಮ್ಮ ಸ್ಟೂಲಿನ ಮೇಲೆ ಕೂತರು. ಇಡೀ ಮನೆಯಲ್ಲಿ ಆಗಾಗ ಹೋಗುತ್ತಿದ್ದದ್ದು ಇದೊಂದೇ ಫ್ಯೂಸು. “ಊರಿಗೆಲ್ಲ ಹೋಗದ್ದು ನಂದೇ ಯಾಕ್ರೀ ಹೋಗುತ್ತೆ? ಹೆಂಡತಿ ಅಂದ್ರೆ ಅಷ್ಟು ಸದರಾನಾ?” ಎಂದು ಎಷ್ಟು ಸಲ ಮುನಿಸಿಕೊಂಡಿದ್ದರೋ. “ನಿಂದು ನಾಜೂಕು ಕಣೇ,” ಎಂದು ಯಜಮಾನರು ನಗುತ್ತ ಸ್ಟೂಲು ಹತ್ತುತ್ತಿದ್ದರು. ಈಗ ಆ ಮನುಷ್ಯನನ್ನು ತಬ್ಬಿಕೊಳ್ಳಬೇಕು ಅನಿಸಿತು. ಕೊರಳಪಟ್ಟಿ ಹಿಡಿದು, ಉಳಿದವರೇನು ಪಾಪ ಮಾಡಿದ್ದರು, ನಮ್ಮ ಮಗಳೇನು ಮಾಡಿದ್ದಳು ಎಂದು ಕೇಳಬೇಕು ಅಂತಲೂ ಅನಿಸಿತು. ಎರಡಕ್ಕೂ ಅವರು ಬೇಕಿತ್ತು.

“ಇಂಥ ಮನೆ ಎಷ್ಟಿವೆ?”

“ಈ ಬೀದೀಲೇ ಮೂವತ್ತಿರಬಹುದು. ನೀವು ಯಾರಿಗೂ ಹೇಳಬೇಡಿ ಅಮ್ಮಾ. ಹೋದವರ ಹೆಸರು ಯಾಕೆ ಹಾಳಾಗಬೇಕು? ಕರೆದಾಗ ಹೋಗಿ, ಏನಾದ್ರೂ ನೆಪ ಹೇಳಿ ಬದಲಾಯಿಸ್ತೀನಿ.”

“ಯಾಕೆ ಕರೀತಾರೋ ನಿನ್ನ? ಅವರ ಫ್ಯೂಸು ಹೋಗ್ತಾನೇ ಇಲ್ವಲ್ಲ.”

ಟೈಲರಮ್ಮ ಎದ್ದು ಮುಖ ತೊಳೆದರು. ಒಂದು ಕೈಯಲ್ಲಿ ದಪ್ಪ ತಂತಿ, ಇನ್ನೊಂದರಲ್ಲಿ ತನ್ನ ಫ್ಯೂಸು ಹಿಡಿದು ಬೀದಿ ದಾಟಿದರು.

“ಏಪ್ರನ್ ಆಯ್ತಾ ಅಮ್ಮಾ?” ಎಂದ ಬೇಕರಿಯವನು.

“ಇಲ್ಲ. ನಮ್ಮನೆಯವರು ನಿಮ್ಮಲ್ಲಿ ಒಂದು ತಪ್ಪು ಕೆಲಸ ಮಾಡಿ ಹೋಗಿದಾರೆ. ಮೊದ್ಲು ಓವನ್ ಆರಿಸಿ, ಆಮೇಲೆ ಹೇಳ್ತೀನಿ.”

ಎಲ್ಲ ಕೇಳಿ ಅವನು ಓವನ್ ಕಡೆ ನೋಡುತ್ತ ಕೈಯ ಹಿಟ್ಟು ಉಜ್ಜಿಕೊಂಡ. “ಅವರು ಬೇಡ ಅಂದಿದ್ರು,” ಎಂದ. “ದಪ್ಪದು ಹಾಕದಿದ್ರೆ ಬೇರೆಯವರನ್ನ ಕರೀತೀನಿ ಅಂದಿದ್ದು ನಾನೇ.”

“ನೀವು ಕೇಳಿದ್ರಿ, ಅವರು ಹಾಕಿದ್ರು. ಈಗ ತೆಗೆಸೋಣ,” ಎಂದು ಟೈಲರಮ್ಮ ಪಕ್ಕದ ಮನೆಯ ಬಾಗಿಲ ಕಡೆ ನಡೆದರು.

ಸಂಜೆ ವಾಪಸು ಬರುವಷ್ಟರಲ್ಲಿ ಹೊಸ ಪೆಟ್ಟಿಗೆ ಗೋಡೆಯೇರಿತ್ತು. ಅದರಲ್ಲಿ ಫ್ಯೂಸಿನ ಬದಲು, ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚುಗಳು. ಟೆಸ್ಟರ್ ಒಂದೊಂದರ ಕೆಳಗೂ ಚೀಟಿ ಅಂಟಿಸುತ್ತಿದ್ದ. “ಕೊನೆಯದಕ್ಕೆ ‘ಹೊಲಿಗೆ ಕೋಣೆ’ ಅಂತ ಬರೀಲಾ?”

“ಪೆನ್ಸಿಲ್ ತಾ. ಅದು ನಾನೇ ಬರೀತೀನಿ.”

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಮಿಷನ್ನು ಓಡುತ್ತಿದ್ದಾಗ, ಕೂತಲ್ಲಿಂದಲೇ ಕೈ ಚಾಚಿ ತಂತಿ ಸವೆದ ಹಳೆಯ ಇಸ್ತ್ರಿಪೆಟ್ಟಿಗೆ ಹಚ್ಚಿದ್ದೇ ತಡ, ಮೇಲೆ ಟಪ್ಪೆಂದು ಸ್ವಿಚ್ಚು ಬಿತ್ತು. ಮಿಷನ್ನು ಅರ್ಧ ಹೊಲಿಗೆಯಲ್ಲಿ ನಿಂತಿತು.

“ರೀ, ನಂದು ಹೋಯ್ತು ನೋಡಿ,” ಎಂದರು ಟೈಲರಮ್ಮ.

ಬಾಯಿಂದ ಬಂದುಬಿಟ್ಟಿತ್ತು. ಒಂದು ಗಳಿಗೆ, ಸ್ಟೂಲು ಎಳೆಯುವ ಸದ್ದಿಗಾಗಿ ಕಿವಿ ಕಾದೇ ಕಾಯಿತು. ಆಮೇಲೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು ಪಕ್ಕಕ್ಕಿಟ್ಟು, ತಾವೇ ಸ್ಟೂಲು ಎಳೆದುಕೊಂಡು ಹತ್ತಿ, ‘ಇವಳ ಮಿಷನ್ನು’ ಎಂದು ಬರೆದಿದ್ದ ಸ್ವಿಚ್ಚನ್ನು ಮೆಲ್ಲಗೆ ಮೇಲಕ್ಕೆತ್ತಿದರು.