ಇಪ್ಪತ್ತೆಂಟು ಪೌಂಡ್ ಬಿಗಿ

ನನ್ನ ನಾದಿನಿ ಮನೆಯಿಂದ ಹೊರಗೆ ಕಾಲಿಡದೆ ಎಂಟು ತಿಂಗಳಾಗಿತ್ತು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ, ಅಂದರೆ ನಮ್ಮ ಮನೆಗೆ, ಎರಡು ಸೂಟ್‌ಕೇಸ್ ಹಿಡಿದು ಬಂದವಳು. ಕೆಲಸಕ್ಕೆ ಒಂದು ದಿನವೂ ಹಿಂದೆ ಬಿದ್ದವಳಲ್ಲ. ಪಾತ್ರೆ ತೊಳೆದಿಡುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಿದ್ದಳು. ಆದರೆ ಹೋದವರ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ, ಕಣ್ಣಲ್ಲಿ ಹನಿ ನೀರೂ ಬರಲಿಲ್ಲ. "ದಿನ ಕಳೆದ ಹಾಗೆ ಸರಿಹೋಗ್ತಾಳೆ ಬಿಡು" ಎಂದು ನಮ್ಮವರು ಪೇಪರಿನ ಹಿಂದಿನಿಂದಲೇ ಹೇಳುತ್ತಿದ್ದರು. ನನಗೆ ಆ ನಂಬಿಕೆಯಿಲ್ಲ. ನಾನು ಟೈಲರ್. ಬಿಚ್ಚಿಹೋದ ಹೊಲಿಗೆ ತಾನಾಗಿ ಕೂಡಿಕೊಂಡದ್ದನ್ನು ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಅದೇ ಹೊತ್ತಿಗೆ ನನ್ನ ಭುಜ ಹಿಡಿದುಕೊಳ್ಳತೊಡಗಿತು. ದಿನವಿಡೀ ಮಿಷನ್ ಮುಂದೆ ಕೂತರೆ ಇನ್ನೇನಾದೀತು, ಕೈ ಆಡುವಂಥ ಆಟ ಏನಾದರೂ ಆಡಿ ಎಂದರು ಡಾಕ್ಟರು. ನನ್ನ ಅಂಗಡಿಯ ಹಿಂದಿನ ಬೀದಿಯಲ್ಲೇ ಬ್ಯಾಡ್ಮಿಂಟನ್ ಹಾಲ್. ಬೆಳಿಗ್ಗೆ ಆರರಿಂದ ಏಳರವರೆಗೆ ಹೆಂಗಸರಿಗೇ ಮೀಸಲು. ನನಗೆ ನೆಪ ಸಿಕ್ಕಿತು.

"ಒಬ್ಬಳೇ ಆಡೋ ಆಟ ಅಲ್ಲ ಅದು," ಎಂದೆ ನಾದಿನಿಗೆ. "ನೀನು ಬರದಿದ್ರೆ ನನ್ನ ಭುಜ ಹೀಗೇ ಮರಗಟ್ಟಿ ಹೋಗುತ್ತೆ, ಅಷ್ಟೆ."

"ನನಗೆ ಬರಲ್ಲ ಅತ್ತಿಗೆ. ರ‍್ಯಾಕೆಟ್ ಹಿಡಿದೇ ಗೊತ್ತಿಲ್ಲ."

"ನಾನೇನು ಹುಟ್ಟುವಾಗ ಹಿಡ್ಕೊಂಡು ಬಂದಿದ್ದೀನಾ?"

ಅವಳಿಗೆ ಒಳ್ಳೆಯದಾಗುತ್ತದೆ ಅಂದಿದ್ದರೆ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ನನ್ನ ಭುಜಕ್ಕಾಗಿ ಒಪ್ಪಿದಳು.

ಸಾಮಾನು ತರಲು ನಾನೊಬ್ಬಳೇ ಹೋದೆ. ಆಟದ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಒಬ್ಬ ಹಿರಿಯರು ರ‍್ಯಾಕೆಟ್‌ಗೆ ದಾರ ಎಳೆದು ಬಿಗಿಯುತ್ತಾ ಕೂತಿದ್ದರು. ಆ ಕೆಲಸಕ್ಕೆ ಗಟ್ಟಿಂಗ್ ಅಂತಾರೆ. ಕೈಕೆಲಸದವರನ್ನು ಕಂಡರೆ ನನಗೆ ಮರ್ಯಾದೆ ಜಾಸ್ತಿ, ನೇರ ಅವರ ಹತ್ತಿರವೇ ಹೋಗಿ ಕೇಳಿದೆ.

"ಹೊಸಬರಿಗಾ? ಹಾಗಾದ್ರೆ ಹಗುರವಾಗಿರೋದೇ ತಗೊಳ್ಳಿ," ಎಂದರು. "ತಲೆ ಕಡೆ ಭಾರ ಬೇಡ, ಮಣಿಕಟ್ಟು ನೋಯುತ್ತೆ. ಕಾಕ್ ನೈಲಾನ್‌ದು ಸಾಕು. ಗರಿದು ಕೊಂಡ್ರೆ ಹೊಸಬರ ಕೈಲಿ ಎರಡೇ ದಿನಕ್ಕೆ ಚಿಂದಿ. ಬೂಟಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ನೆಲದ ಮೇಲೆ ಜಾರಬಾರದು ನೋಡಿ."

ಎಲ್ಲಕ್ಕೂ ತಲೆಯಾಡಿಸಿದೆ. ನನಗೆ ಗೋಡೆಯಲ್ಲಿ ನೇತುಹಾಕಿದ್ದ, ದಾರ ಹಾಕಿಯೇ ಬಂದ ಸಾಧಾರಣ ರ‍್ಯಾಕೆಟ್ ತೆಗೆದುಕೊಂಡೆ. ಅವಳಿಗೆ ಒಳ್ಳೆಯದೇ ಇರಲಿ ಎಂದು ಬರೀ ಚೌಕಟ್ಟಿನದೊಂದು ಆರಿಸಿ, ದಾರ ಹಾಕಲು ಕೊಟ್ಟೆ.

"ಇಪ್ಪತ್ತೆರಡು ಪೌಂಡ್‌ಗೆ ಎಳೀತೀನಿ," ಎಂದು ಅಷ್ಟೇ ಬಿಗಿಯ ಇನ್ನೊಂದನ್ನು ಮುಂದೆ ಹಿಡಿದರು. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಗ್ಗಿತು.

"ಇಷ್ಟು ಸಡಿಲ? ನಮ್ಮ ಕೆಲಸದಲ್ಲಿ ದಾರ ಹೀಗೆ ಬಿಟ್ರೆ ಗಿರಾಕಿಗಳು ಮುಖಕ್ಕೆ ಎಸೆದು ಹೋಗ್ತಾರೆ."

"ಸಡಿಲ ಇದ್ರೇನೇ ಕಾಕ್ ಚಿಮ್ಮೋದು, ಅಮ್ಮಾ. ಬಿಗಿ ಮಾಡಿದ್ರೆ ಬಲವೆಲ್ಲ ಹೊಡೆಯೋರ ತೋಳಲ್ಲೇ ಇರ್ಬೇಕಾಗುತ್ತೆ."

"ದಾರದ ವಿಷಯ ನನಗೆ ಹೇಳಿಕೊಡ್ಬೇಡಿ. ಎಷ್ಟರವರೆಗೆ ಎಳೀಬಹುದು?"

"ಇಪ್ಪತ್ತೆಂಟು."

"ಅದನ್ನೇ ಹಾಕಿ."

ಅವರು ಚೌಕಟ್ಟು ಎತ್ತಿಕೊಂಡು ದಾರ ಎಳೆಯತೊಡಗಿದರು. ನಾನು ಗೆದ್ದವಳ ಹಾಗೆ ಮನೆಗೆ ಬಂದೆ.

ಹಾಲ್‌ನಲ್ಲಿ ನನ್ನ ಕಾಕ್ ಹಾಗೂ ಹೀಗೂ ನೆಟ್ ದಾಟುತ್ತಿತ್ತು. ಅವಳದು ದಾಟಲೇ ಇಲ್ಲ. ತೋಳು ಬೀಸುತ್ತಿದ್ದಳು, ರ‍್ಯಾಕೆಟ್‌ಗೆ ತಾಗುತ್ತಲೂ ಇತ್ತು, ಆದರೂ ಕಾಕ್ ಮೊಳದೂರ ಹೋಗಿ ಪೊತ್ತೆಂದು ಬೀಳುತ್ತಿತ್ತು. "ಜೋರಾಗಿ ಹೊಡಿ" ಎಂದು ಆಚೆಯಿಂದ ನನ್ನ ಉಪದೇಶ ಬೇರೆ. ನಾಲ್ಕು ದಿನ ಹೀಗೇ ಆಯಿತು. ಐದನೆಯ ದಿನ ಅವಳು ಏಳಲಿಲ್ಲ.

"ನನ್ನ ಕೈಗೆ ಏನು ಸಿಕ್ರೂ ಇಷ್ಟೇ ಅತ್ತಿಗೆ," ಎಂದಳು ಗೋಡೆ ಕಡೆ ತಿರುಗಿ. "ನೀವು ಬೇರೆ ಯಾರನ್ನಾದ್ರೂ ಜೊತೆಗೆ ಕರ್ಕೊಳ್ಳಿ."

ಆ ಮಾತು ಆಟದ್ದಲ್ಲ ಎಂದು ನನಗೆ ಗೊತ್ತಾಯಿತು.

ಒಬ್ಬಳೇ ಹೋದೆ. ಒಳ್ಳೆಯ ರ‍್ಯಾಕೆಟ್ ಸುಮ್ಮನೆ ಯಾಕೆ ಬಿದ್ದಿರಬೇಕೆಂದು ಅವಳದನ್ನೇ ಒಯ್ದೆ. ಪಕ್ಕದ ಕೋರ್ಟಿನ ಒಬ್ಬರು ಎದುರು ನಿಂತು ಕಾಕ್ ಕಳಿಸಿದರು. ಹೊಡೆದೆ. ಹಲಗೆಗೆ ಬಡಿದ ಹಾಗೆ ಸದ್ದಾಗಿ ನನ್ನ ಬೂಟಿನ ಮುಂದೆ ಬಿತ್ತು. ಆರು ಸಲ ಹೊಡೆದೆ, ಆರು ಸಲವೂ ಅಷ್ಟೇ. ಬೂಟು ಕೂಡ ಬಿಚ್ಚದೆ ಹೋಗಿ, ಆಟದ ಸಾಮಾನಿನ ಅಂಗಡಿ ಬಾಗಿಲು ತೆಗೆಯುವವರೆಗೂ ಕಾದು ನಿಂತೆ.

ಗಟ್ಟಿಂಗ್‌ನವರು ದಾರ ಒತ್ತಿ ನೋಡಿ, ನನ್ನನ್ನೂ ನೋಡಿದರು. "ಅರ್ಧ ಗಂಟೆ ಕೆಲಸ. ಬಿಚ್ಚಿ ಬೇರೆ ಹಾಕಿಕೊಡ್ತೀನಿ. ಮನೇಲಿ ಯಾರಿಗೂ ಗೊತ್ತಾಗಲ್ಲ."

ಒಳ್ಳೆಯ ಮನುಷ್ಯ. ನನಗೂ ಬಾಯಲ್ಲಿ ನೀರೂರಿತು ಅಂತಲೇ ಹೇಳಬೇಕು. ಕಟಿಂಗ್ ತಪ್ಪಿದೆ ಎಂದು ಈವರೆಗೆ ಒಬ್ಬ ಗಿರಾಕಿಗೂ ಹೇಳಿದವಳಲ್ಲ ನಾನು. ಬಿಗಿಯಾದರೆ ನಿಮಗೇ ಸ್ವಲ್ಪ ಮೈ ಬಂದಿದೆ ಎನ್ನುವುದು, ದೊಗಳೆಯಾದರೆ ನೀವೇ ಸೊರಗಿದ್ದೀರಿ ಎನ್ನುವುದು. ಆದರೆ ಸದ್ದಿಲ್ಲದೆ ದಾರ ಬದಲಾಯಿಸಿದರೆ ಗೋಡೆ ಕಡೆ ತಿರುಗಿದವಳು ಈ ಕಡೆ ತಿರುಗುತ್ತಾಳೆಯೇ? ರ‍್ಯಾಕೆಟ್ ವಾಪಸ್ ಹಿಡಿದುಕೊಂಡು ಮನೆಗೆ ನಡೆದೆ.

ಅವಳು ಬಟ್ಟೆ ಮಡಿಸುತ್ತಿದ್ದಳು. ಎದುರಿಗೆ ಕೂತು ಹೇಳಿಬಿಟ್ಟೆ. "ನಿನ್ನ ಕೈದೇನೂ ತಪ್ಪಿಲ್ಲ. ದಾರ ಅಷ್ಟು ಬಿಗಿ ಬೇಡ ಅಂತ ದಾರ ಹಾಕೋ ಹಿರಿಯರು ಬಡ್ಕೊಂಡ್ರು. ನಾನೇ ಕೇಳಲಿಲ್ಲ. ತಪ್ಪು ನಂದು."

ಅವಳು ಕೈಯಲ್ಲಿದ್ದ ಟವೆಲ್ ಮಡಿಸಿ ಮುಗಿಸಿದಳು. ಆಮೇಲೆ ಕೇಳಿದಳು, "ಹಾಗಾದ್ರೆ ನೀವು ಹೊಲಿದ ನನ್ನ ಮದುವೆ ಬಟ್ಟೆ?"

ಹನ್ನೊಂದು ವರ್ಷದ ಹಿಂದಿನ ಮಾತು. "ಅದೂ ನಂದೇ. ಕತ್ತರಿಸುವಾಗಲೇ ಒಂದಿಂಚು ಕಡಿಮೆಯಾಗಿ ಹೋಗಿತ್ತು."

"ತಿಂದು ತಿಂದು ಊದಿದ್ದೀಯಾ ಅಂದಿದ್ರಿ."

"ಅಂದಿದ್ದೆ."

"ಆ ದಿನವೆಲ್ಲ ಉಸಿರು ಹಿಡ್ಕೊಂಡೇ ನಿಂತಿದ್ದೆ ಅತ್ತಿಗೆ. ಅವರು ಕಿವಿ ಹತ್ರ ಬಂದು, ನನ್ನ ಕಂಡ್ರೆ ಅಷ್ಟೊಂದು ಭಯನಾ ಅಂದ್ರು. ನಿಮ್ಮ ಭಯ ಅಲ್ಲ, ಅತ್ತಿಗೆ ಹೊಲಿಗೆ ಅಂದೆ. ಎಲ್ಲರೂ ತಿರುಗಿ ನೋಡೋ ಹಾಗೆ ನಕ್ಕುಬಿಟ್ರು ಅವರು."

ಹೇಳುತ್ತಾ ಅವಳೂ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಎಂಟು ತಿಂಗಳದ್ದೆಲ್ಲ ಒಟ್ಟಿಗೆ ಬಂತು. ಮಡಿಸಿಟ್ಟ ಬಟ್ಟೆಗಳ ಮಧ್ಯೆಯೇ ಅವಳನ್ನು ಹಿಡಿದುಕೊಂಡು ಕೂತೆ, ನಾನೂ ಅತ್ತೆ. ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಅಂಗಡಿಗೆ ನಾನೂ ಬರ್ತೀನಿ," ಎಂದಳು. "ನಿಮ್ಮನ್ನೊಬ್ಬರನ್ನೇ ಬಿಟ್ರೆ ಮೂವತ್ತು ಹಾಕಿ ಅಂತೀರಿ."

ಮಾರನೆಯ ಬೆಳಿಗ್ಗೆ ಅವಳ ಮೂರನೆಯ ಹೊಡೆತಕ್ಕೆ ಕಾಕ್ ಮೇಲೆದ್ದು, ನೆಟ್ ದಾಟಿ, ನನ್ನ ಪಕ್ಕದಲ್ಲೇ ಬಂದು ಬಿತ್ತು. ನಾನು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದೆ.

"ಅತ್ತಿಗೆ," ಎಂದಳು ಅವಳು ಆಚೆಯಿಂದ, "ಅದನ್ನ ನೀವು ವಾಪಸ್ ಹೊಡೀಬೇಕು."